ನನ್ನ ಗಾಡಿಗೂ ಉಡಿ ತುಂಬಿದರು

ನಮ್ಮ ಕಡೆಯ ಕಾರುಗಳನ್ನು ನೋಡಿದರೆ ನನಗೆ ವಾಕರಿಕೆ ಬರುತ್ತದೆ. ಗೋಕಾಕದ ಬಸ್‌ಸ್ಟ್ಯಾಂಡಿನ ಎದುರು ಐದು ನಿಮಿಷ ನಿಂತರೆ ಸಾಕು, ಎಮ್ಮೆಯಂಥ ಬಿಳಿ ಗಾಡಿಗಳು ಒಂದರ ಹಿಂದೊಂದು ಬರುತ್ತವೆ. ಮುಂದೆ ಕಬ್ಬಿಣದ ಗಾರ್ಡು, ಮೇಲೆ ಕ್ಯಾರಿಯರು, ಹಿಂದಿನ ಗಾಜಿನ ತುಂಬ ಯಾರದೋ ಮೀಸೆಯ ಫೋಟೊ. ಒಳಗೆ ನೋಡಿದರೆ ಒಬ್ಬನೇ ಒಬ್ಬ ಆಸಾಮಿ, ಅದೂ ನಾಲ್ಕು ಹೆಜ್ಜೆ ಆಚೆಗೆ ಚಹಾ ಕುಡಿಯಲು ಹೊರಟವನು. ಅವನು ಹಾರ್ನ್ ಹೊಡೆದರೆ ಊರೆಲ್ಲ ಸರಿದು ನಿಲ್ಲಬೇಕು. ಥೂ!

ಅದಕ್ಕೇ ನಾನು ಎರಡೇ ಸೀಟಿನ ಹಳೆಯ ಸ್ಪೋರ್ಟ್ಸ್ ಕಾರು ಕೊಂಡೆ. ಫೈಬರಿನ ಮೈ, ಮೇಲೆ ಮಡಚಿಡುವ ಬಟ್ಟೆಯ ಹೊದಿಕೆ. ಗೋವಾದಲ್ಲಿ ಪ್ರವಾಸಿಗರ ಬಾಡಿಗೆಗೆ ಓಡಿ ದಣಿದಿದ್ದ ಗಾಡಿ, ಕಾಲೇಜಿನಲ್ಲಿ ಗಣಿತ ಕಲಿಸುವ ನನ್ನ ಪಗಾರಕ್ಕೂ ಎಟುಕಿತು. ಎಂಜಿನ್ನು ಸಾದಾ ಸಣ್ಣ ಕಾರಿನದು, ಅಂಥ ಜೋರೇನೂ ಇಲ್ಲ. ಆದರೆ ಎಳೆಯಲು ಭಾರವೇ ಇಲ್ಲದ ಮೇಲೆ ಜೋರು ಯಾಕೆ ಬೇಕು? ದಿನಾ ಘೋಡಗೇರಿ ಮೇಲೆ ಹಾದು ಹುಕ್ಕೇರಿಯ ಕಾಲೇಜಿಗೆ ಹೋಗುತ್ತೇನೆ. ಐವತ್ತರ ವೇಗದಲ್ಲೇ ರಸ್ತೆಯ ಒಂದೊಂದು ತಗ್ಗು, ಒಂದೊಂದು ತಿರುವು ಅಂಗೈಗೆ ತಿಳಿಯುತ್ತದೆ. ಸ್ಟೇರಿಂಗನ್ನು ಚೂರು ಹೊರಳಿಸಿದರೆ ಸಾಕು, ಗಾಡಿ ಆಗಲೇ ಹೊರಳಿರುತ್ತದೆ. ಐವತ್ತು ದಾಟಿದ ಹೆಂಗಸು ಒಬ್ಬಳೇ ಕೂತು ನಗುತ್ತ ಹೋಗುತ್ತಿದ್ದರೆ ಜನ ಏನಾದರೂ ಅಂದುಕೊಳ್ಳಲಿ.

ಅಂದುಕೊಂಡರು ಕೂಡ. “ಮೇಡಂ, ಗಾಳಿ ಬಂದ್ರ ಹಾರಿ ಹೋದೀತ್ರಿ” ಎಂದು ಪಂಕ್ಚರ್ ಅಂಗಡಿಯವನು ಹಲ್ಲು ಕಿಸಿದ. ನಾನು ಹಟಕ್ಕೆ ಬಿದ್ದು ಮೂಡಲಗಿ ರಸ್ತೆಯಲ್ಲಿ ಲಾರಿ, ಟ್ರ್ಯಾಕ್ಟರುಗಳನ್ನು ತೂಗುವ ವಜನ್ ಕಾಟಾದ ಮೇಲೆ ಗಾಡಿ ನಿಲ್ಲಿಸಿ, ಕೆಳಗಿಳಿದು ತೂಗಿಸಿದೆ. ಆರು ಕ್ವಿಂಟಲ್. ಕಾಟಾದವನು ಕಿಟಕಿಯಿಂದ ಇಣುಕಿ, “ಮಾಲು ಎಲ್ಲಿ ಇಳಿಸಿ ಬಂದ್ರಿ?” ಎಂದು ನಕ್ಕ. ಆ ಚೀಟಿಯನ್ನು ನಾನು ಗಾಡಿಯಲ್ಲೇ ಜೋಪಾನವಾಗಿ ಇಟ್ಟುಕೊಂಡೆ.

ಮೂಡಲಗಿಯಲ್ಲಿ ನನ್ನ ಅಣ್ಣನ ಶೆಡ್ ಇದೆ. ಕಬ್ಬು ಸಾಗಿಸುವ ಟ್ರೇಲರ್ ಮಾಡುತ್ತಾನೆ. ಅವನ ಕೆಲಸದ ರೀತಿಯೇ ಹಾಗೆ, ಗಿರಾಕಿ ಕೇಳಿದ್ದಕ್ಕಿಂತ ಒಂದು ಕಬ್ಬಿಣದ ಪಟ್ಟಿ ಹೆಚ್ಚಿಗೆ ಬಡಿಯದೆ ಕಳಿಸುವವನಲ್ಲ. ಈ ಸಲ ನಾಗರ ಪಂಚಮಿಗೆ ತವರಿಗೆ ಹೋದಾಗ ಗಾಡಿಯ ಸೈಲೆನ್ಸರ್ ಸಡಿಲಾಗಿತ್ತು. “ಶೆಡ್ಡಿನ್ಯಾಗ ಬಿಡು, ನಾ ನೋಡ್ತೇನಿ” ಎಂದ. ಮೂರು ದಿನ ಉಂಡಿ ತಿಂದು, ಜೋಕಾಲಿ ಆಡಿ, ನಾನು ಆ ಕಡೆ ಹಾಯಲೇ ಇಲ್ಲ.

ಹೊರಡುವ ದಿನ ಅಣ್ಣನ ಹೆಂಡತಿ, ನಮ್ಮ ವೈನಿ, ಕುಂಕುಮ ಹಚ್ಚಿ, ಅಕ್ಕಿ, ಕೊಬ್ಬರಿ, ಬೆಲ್ಲ, ಜಂಪರ್ ಪೀಸು ಹಾಕಿ ನನ್ನ ಉಡಿ ತುಂಬಿದಳು. ಅಣ್ಣ ಬಾಗಿಲಲ್ಲಿ ನಿಂತು, “ನಿನ್ನ ಗಾಡಿಗೂ ಉಡಿ ತುಂಬೇನಿ, ಬಾ ನೋಡು” ಎಂದ. ಮುಖದಲ್ಲಿ ಎಂಥ ಹಿಗ್ಗು!

ನೋಡಿದೆ. ಮೂತಿಗೆ ದಪ್ಪ ಪೈಪಿನ ಗಾರ್ಡು. ಎರಡೂ ಬಾಗಿಲ ಕೆಳಗೆ ಕಬ್ಬಿಣದ ಚಾನಲ್ಲು. ನಾಲ್ಕು ಕಂಬ ನಿಲ್ಲಿಸಿ ತಲೆಯ ಮೇಲೊಂದು ಕ್ಯಾರಿಯರು, ಇನ್ನು ಹೊದಿಕೆ ಮಡಚುವ ಮಾತೇ ಇಲ್ಲ. ಹಿಂದೆ ಟ್ರೇಲರ್ ಸಿಕ್ಕಿಸುವ ಹುಕ್ಕು. ಅದರ ಮೇಲೆ ಹಳದಿ ರೇಡಿಯಂ ಅಕ್ಷರಗಳಲ್ಲಿ ‘ಅಣ್ಣನ ಆಶೀರ್ವಾದ’. ಸುಟ್ಟ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ನನಗೆ ಮೈಯೆಲ್ಲ ಹೇಸಿಗೆ ಮೆತ್ತಿದಂತಾಯಿತು. ಗಾಡಿ ಹತ್ತಿ ಹೊರಟೆ.

ರಸ್ತೆಯ ಮೊದಲನೇ ಉಬ್ಬಿಗೇ ಗಾಡಿಯ ಹೊಟ್ಟೆ ನೆಲಕ್ಕೆ ಕರಕರ ಉಜ್ಜಿತು. ತಿರುವಿನಲ್ಲಿ ಸ್ಟೇರಿಂಗ್ ಹೊರಳಿಸಿದರೆ ಗಾಡಿ ಯೋಚನೆ ಮಾಡಿ ಹೊರಳಿತು. ಸೀದಾ ಅದೇ ಕಾಟಾಕ್ಕೆ ಹೋದೆ. ಏಳೂವರೆ ಕ್ವಿಂಟಲ್. ಅಲ್ಲಿಂದಲೇ ತಿರುಗಿಸಿಕೊಂಡು ಬಂದು ಶೆಡ್ಡಿನಲ್ಲಿ ಎರಡೂ ಚೀಟಿಗಳನ್ನು ಅಣ್ಣನ ಮುಂದೆ ಎಸೆದೆ.

“ಎಲ್ಲಾ ಕಿತ್ತು ಹಾಕು. ನೋಡಾಕ ಅಸಹ್ಯ ಆಗತೈತಿ ನನಗ.”

ಅವನು ಚೀಟಿ ಹೆಕ್ಕಿಕೊಂಡ. “ಕಬ್ಬಿನ ಟ್ರ್ಯಾಕ್ಟರ್ ನಡುವ ಈ ಡಬ್ಬಿ ತಗೊಂಡು ಓಡಾಡ್ತಿ. ನನ್ನ ಎದಿ ಝಲ್ ಅಂತೈತಿ, ತಂಗಿ. ತವರಮನಿಯಿಂದ ಹಂಗ ಕಳಸಲೇನ?”

“ಅದರ ಸುಖ ನಿನಗೇನ ಗೊತ್ತು?”

“ಹ್ಯಾಂಗ ಗೊತ್ತಾಗಬೇಕ? ಅಣ್ಣಾ, ಕೂಡು ಅಂತ ಒಂದ ದಿನಾ ಅಂದಿಯೇನ?”

ವರ್ಷದಿಂದ ತಿಂಗಳಿಗೊಮ್ಮೆಯಾದರೂ ಬರುತ್ತಿದ್ದೆ. ಪ್ರತಿ ಸಲವೂ ಅವನು ಚಿಂದಿ ಬಟ್ಟೆಗೆ ಕೈ ಒರೆಸಿಕೊಳ್ಳುತ್ತ ಗಾಡಿಯ ಆಚೆ ಬದಿಯ ಬಾಗಿಲ ಹತ್ತಿರ ಬಂದು ನಿಲ್ಲುತ್ತಿದ್ದ. ಅವಸರ ಐತಿ ಎಂದು ನಾನು ಗೇರ್ ಹಾಕುತ್ತಿದ್ದೆ. ಖರೆ ಹೇಳಬೇಕೆಂದರೆ, ಅಣ್ಣ ಕ್ವಿಂಟಲ್ಲಿನ ಆಸುಪಾಸಿನ ಆಳು. ಅವನು ಕೂತರೆ ಗಾಡಿ ಜಡವಾಗುತ್ತದೆ, ಗ್ರೀಸು ಸೀಟಿಗೆ ಹತ್ತುತ್ತದೆ ಎಂದು ಮನಸ್ಸಿನಲ್ಲೇ ತೂಗಿ ಬಿಟ್ಟಿದ್ದೆ. ಚಹಾಕ್ಕೆ ಹೊರಟ ಆ ಬಿಳಿ ಗಾಡಿಯವನ ಮೇಲೆ ಬರುತ್ತಿದ್ದ ಹೇಸಿಗೆಯೇ ಈಗ ನನ್ನ ಮೇಲೆ ನನಗೆ ಬಂತು.

ಆಳುಗಳನ್ನು ಕರೆಯದೆ ಅಣ್ಣ ತಾನೇ ಗ್ರೈಂಡರ್ ಹಿಡಿದು ಎಲ್ಲವನ್ನೂ ಕೊಯ್ದು ತೆಗೆದ. ರೇಡಿಯಂ ಅಕ್ಷರಗಳನ್ನು ಉಗುರಿನಿಂದ ಒಂದೊಂದಾಗಿ ಕೆರೆದ. ಕೆಲಸ ಮುಗಿದು ಅವನು ಎದ್ದು ನಿಂತಾಗ ನಾನು ಆಚೆ ಬಾಗಿಲು ತೆರೆದೆ.

“ಕೂಡು ಅಣ್ಣಾ. ಕಾಲುವಿ ತನಕ ಹೋಗಿ ಬರೂಣು.”

ಅವನು ಸೀಟು ನೋಡಿದ, ತನ್ನ ಅಂಗಿ ನೋಡಿಕೊಂಡ.

“ಬ್ಯಾಡ ತಂಗಿ, ವಜನ ಆಗತೈತಿ” ಎಂದು ಗ್ರೈಂಡರಿನ ವೈರು ಸುತ್ತತೊಡಗಿದ.