ಪಾಲಾಕ್ಷಪ್ಪನವರ ಅಂಬಾಸಿಡರ್

ಹೊಳೆನರಸೀಪುರದ ಕೊಬ್ಬರಿ ವ್ಯಾಪಾರಿ ಪಾಲಾಕ್ಷಪ್ಪನವರ ಎದುರು ಯಾರೂ ಹೊಸ ಕಾರಿನ ಸುದ್ದಿ ಎತ್ತಬಾರದು. ಎತ್ತಿದರೆ ಅವರ ತಂದೆಯ ಕಾಲದ ಅಂಬಾಸಿಡರಿನ ಪುರಾಣ ಪೂರ್ತಿ ಕೇಳಿಯೇ ಮನೆಗೆ ಹೋಗಬೇಕು. ದಿನಾ ಪೂಜೆ ಮುಗಿಸಿ ಅದರ ಬಾನೆಟ್ಟಿಗೂ ಮೂರು ಗೆರೆ ವಿಭೂತಿ ಎಳೆಯುತ್ತಾರೆ. ಏರು ಬಂದರೆ "ನಡಿ ತಾಯಿ" ಎಂದು ಸ್ಟಿಯರಿಂಗ್ ತಟ್ಟುತ್ತಾರೆ. ಹಿರೀಸಾವೆಯಲ್ಲಿ ಕಾಫಿಗೆ ನಿಂತರೆ ಪಕ್ಕದ ಕಾರಿನವರನ್ನು ಕರೆದು ಡಿಕ್ಕಿ ತೆಗೆದು ತೋರಿಸುತ್ತಾರೆ: "ಇದ್ರೊಳಗೆ ಒಂದು ಸಂಸಾರ ಮಾಡ್ಬೌದು ಸಾ!" "ಈಗಿನವು ಕಾರಲ್ಲ ಕಣ್ಲಾ, ಚಕ್ರ ಇರೋ ಮೊಬೈಲು. ನಮ್ದು ಒಂದಿನಾನೂ ಕೈ ಕೊಟ್ಟಿಲ್ಲ" ಎಂದು ಮನೆ ಜಗಲಿಯಲ್ಲಿ ಕೂತು ಬಂದವರಿಗೆ ಹೇಳಿದರೆ, ಹೆಂಡತಿ ನೀಲಗಂಗಮ್ಮ ಒಳಗಿನಿಂದಲೇ "ಸೊಂಟ ಮಾತ್ರ ಮುರ್ದೈತೆ" ಎಂದು ಕೂಗುತ್ತಾರೆ. ಮೊನ್ನೆ ಬೆಳಗ್ಗೆ ತುಂಬು ಬಸುರಿ ಮಗಳು ರಂಜಿತಾಗೆ ನೋವು ಕಾಣಿಸಿಕೊಂಡಾಗ, ಅಳಿಯ ರಜನೀಶನ ಹೊಸ ಕಾರು ಎಷ್ಟು ಗುಂಡಿ ಒತ್ತಿದರೂ ಮಿಸುಕಲಿಲ್ಲ. ಪಾಲಾಕ್ಷಪ್ಪ ಎಲ್ಲರನ್ನೂ ಅಂಬಾಸಿಡರಿಗೆ ಹತ್ತಿಸಿಕೊಂಡು ಹಾಸನದ ಆಸ್ಪತ್ರೆ ಮುಟ್ಟಿಸಿದರು. ಎಂದೂ ಇಲ್ಲದೆ ನೀಲಗಂಗಮ್ಮನೇ ದಾರಿಯುದ್ದಕ್ಕೂ ಗಾಡಿಯನ್ನು ಹೊಗಳುತ್ತಾ ಬಂದರು. ಹೆಣ್ಣು ಮಗು ಹುಟ್ಟಿತು. "ನಿಮ್ ಗಾಡಿನೇ ಗಾಡಿ ಮಾವ" ಎಂದು ಅಳಿಯ ಕೈ ಮುಗಿದ. ಇನ್ನು ಪುರಾಣ ಶುರುವಾಯಿತೆಂದು ಎಲ್ಲರೂ ಕಾದರೆ, ಪಾಲಾಕ್ಷಪ್ಪ ಹೆಂಡತಿಯ ಪಕ್ಕ ಮೆಲ್ಲಗೆ ಕೂತು, "ಎಲ್ಲಿ ನಿಂತ್ಬುಡ್ತದೋ ಅಂತ ಜೀವ ಬಾಯಿಗೆ ಬಂದಿತ್ತು ಕಣೆ" ಎಂದು ಪಿಸುಗುಟ್ಟಿದರು. "ಗೊತ್ತಿತ್ತು, ಏರಿಲ್ದ ಕಡೆನೂ 'ನಡಿ ತಾಯಿ' ಅಂತಿದ್ರಲ್ಲ" ಎಂದು ನೀಲಗಂಗಮ್ಮ ನಕ್ಕರು. "ಇಲ್ದಿದ್ರೆ ಆ ಡಬ್ಬಾನ ನಾನ್ಯಾಕೆ ದಾರಿಯುದ್ದಕ್ಕೂ ಒಗಳ್ತಾ ಬತ್ತಿದ್ದೆ?"