ಅಂಚಿನ ಆಟ, ನಡುವಿನ ಆಟ

ಡೊಂಬಿವಿಲಿಯಿಂದ ಕೆಲಸಕ್ಕೆ ಹೊರಟ ಮೊದಲ ಬೆಳಿಗ್ಗೆ, ಲೋಕಲ್ ರೈಲು ನನ್ನ ಕಣ್ಣೆದುರೇ ಬಂತು, ನಿಂತಿತು, ಹೋಯಿತು. ಅದರ ಹಿಂದಿನದೂ ಹಾಗೆಯೇ. ಇಳಿಯುವವರಿಗೆ ದಾರಿ ಬಿಟ್ಟು ಆಮೇಲೆ ಹತ್ತೋಣ ಎಂದು ನಾನು ಮಹಿಳೆಯರ ಡಬ್ಬಿಯ ಬಾಗಿಲ ಪಕ್ಕಕ್ಕೆ ಸಭ್ಯಸ್ಥೆಯಂತೆ ನಿಂತಿದ್ದೆ. ಉಡುಪಿಯ ಸಿಟಿ ಬಸ್ಸುಗಳಲ್ಲಿ ಕಂಡಕ್ಟರೇ ಕೂಗಿ ಕರೆದು ಹತ್ತಿಸಿಕೊಳ್ಳುತ್ತಾನೆ; ಇಲ್ಲಿ ನನ್ನನ್ನು ಕರೆಯುವವರು ಯಾರು? ಮತ್ತೊಂದು ರೈಲು ಬಂದಾಗ ಹಿಂದಿನಿಂದ ಯಾರೋ ನನ್ನ ಸೊಂಟಕ್ಕೆ ಎರಡೂ ಕೈ ಕೊಟ್ಟು ನೂಕಿದರು.

"ಮಧ್ಯೆ ಘುಸಾ! ಕಡೇಲಾ ಉಭ್ಯಾ ರಾಹೂ ನಕಾ!"

ನಡುವಿಗೆ ನುಗ್ಗಿ, ಅಂಚಲ್ಲಿ ನಿಲ್ಲಬೇಡಿ ಎಂದು ಅದರ ಅರ್ಥ. ಅರ್ಥವಾಗುವ ಹೊತ್ತಿಗೆ ನಾನು ಒಳಗಿದ್ದೆ, ಪುಣ್ಯಕ್ಕೆ ಎರಡೂ ಚಪ್ಪಲಿ ಕಾಲಲ್ಲೇ ಇದ್ದವು. ನೂಕಿದವಳು ಅಗಲ ಭುಜದ ಒಬ್ಬಳು ಹುಡುಗಿ. ದೊಡ್ಡ ಉಪಕಾರ ಮಾಡಿದವಳಂತೆ ನಗುತ್ತಿದ್ದಳು. ಉಪಕಾರವೇ ಆಗಿತ್ತು ಅನ್ನಿ.

ಠಾಣೆಯ ಕಾಲೇಜಿನ ಮೈದಾನಕ್ಕೆ ಹೋದರೆ ಅಲ್ಲೂ ಅದೇ ಹುಡುಗಿ. ನಾನು ಆ ಕಾಲೇಜಿಗೆ ಹೊಸದಾಗಿ ಬಂದ ದೈಹಿಕ ಶಿಕ್ಷಣದ ಅಧ್ಯಾಪಕಿ; ಆಕೆ, ಸಾಯಲಿ, ಹುಡುಗಿಯರ ಕಬಡ್ಡಿ ತಂಡದ ನಾಯಕಿ. ನನ್ನ ಗಂಡನಿಗೆ ಅಂಬರನಾಥದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ್ದರಿಂದ ನಾವು ಇತ್ತ ಬಂದವರು. ಒಂದು ಕೋಣೆ, ಒಂದು ಅಡುಗೆಮನೆ. ಕಿಟಕಿ ತೆರೆದರೆ ಎದುರು ಮನೆಯ ಒಗ್ಗರಣೆ ನಮ್ಮ ಮನೆಗೇ ಬೀಳುತ್ತಿತ್ತು. ಊರಲ್ಲಿ ಅಂಗಳ ಗುಡಿಸುವಾಗ ಬೈದುಕೊಳ್ಳುತ್ತಿದ್ದವಳಿಗೆ ಇಲ್ಲಿ ಅಂಗಳವೇ ಇಲ್ಲವೆಂದು ಮೊದಮೊದಲು ಅಳು ಬರುತ್ತಿತ್ತು.

ಮೊದಲ ಅಭ್ಯಾಸ ನೋಡಿ ನನಗೆ ತಲೆ ಕೆಟ್ಟಿತು. ಎದುರು ಅಂಗಣಕ್ಕೆ ಮತ್ತೆ ಮತ್ತೆ ಸಾಯಲಿಯೇ ಹೋಗುತ್ತಿದ್ದಳು. ನಾವು ದಾಳಿ ಅನ್ನುವುದಕ್ಕೆ ಇಲ್ಲಿಯವರು 'ಚಢಾಯಿ' ಅನ್ನುತ್ತಾರೆ. ಅವಳ ಚಢಾಯಿ ನಡುವಿನಲ್ಲೇ. ಹುಡುಗಿಯರು ಕೈಗೆ ಕೈ ಕೊಟ್ಟು ಸರಪಳಿಯಾಗಿ ಸುತ್ತಿಕೊಂಡರೂ ಎಲ್ಲರನ್ನೂ ಎಳೆದುಕೊಂಡು ಗೆರೆ ಮುಟ್ಟುತ್ತಿದ್ದಳು. ಉಳಿದವರು ಬರೀ ಹಿಡಿಯುವುದಕ್ಕೆ. ಊರಲ್ಲಿ ನಾವು ಕಲಿತದ್ದು ಕೊಯ್ಲು ಮುಗಿದ ಗದ್ದೆಯಲ್ಲಿ. ಅಲ್ಲಿ ಎಲ್ಲರಿಗೂ ಸರದಿ ಉಂಟು. ಒಬ್ಬಳು ಎಡ ಅಂಚಿಗೆ ಓಡಿ ಎದುರಿನವರನ್ನು ಆ ಕಡೆ ಎಳೆದರೆ ಮುಂದಿನವಳು ಬಲಕ್ಕೆ ಓಡುತ್ತಾಳೆ. ಎದುರಾಳಿಗಳು ಹರಡುತ್ತಾರೆ, ಸಂದು ಬೀಳುತ್ತದೆ, ಬೆರಳು ತಾಗಿಸಿ ಓಡಿ ಬರುವುದು.

ತಂಡದ ಹಳೆಯ ತರಬೇತುದಾರರಾದ ಗುರವ್ ಸರ್ ನನ್ನ ಮಾತು ಕೇಳಿ ಗಹಗಹಿಸಿದರು. ಅವರು ಚಾಳಿನಲ್ಲಿ, ಅಂದರೆ ಸಾಲು ಕೋಣೆಗಳ ವಠಾರದಲ್ಲಿ, ಆಡಿ ಬೆಳೆದವರು.

"ಮ್ಯಾಡಮ್, ಹಮಾರೇ ಚಾಳ್ ಮೇಂ ಎರಡೂ ಕಡೆ ಗೋಡೆ. ಅಂಚಿಗೆ ಓಡಿದ್ರೆ ಹಲ್ಲು ಉದುರ್ತಿತ್ತು. ಬೀಚ್ ಮೇಂ ಸೇ ಹೀ ಜಾನೇ ಕಾ" ಎಂದರು, ನಡುವಿನಿಂದಲೇ ಹೋಗಬೇಕು ಅಂತ. ನಮ್ಮವರ ಹೋಟೆಲುಗಳಲ್ಲಿ ಉಂಡುಂಡು ಅವರಿಗೆ ಅಷ್ಟು ಕನ್ನಡ ಬರುತ್ತಿತ್ತು.

ನಮ್ಮ ಗದ್ದೆ ನಮಗೆ ಹಾಗೆ ಕಲಿಸಿತ್ತು, ಅವರ ಗೋಡೆ ಅವರಿಗೆ ಹೀಗೆ. ಇಷ್ಟು ಹೊಳೆದರೂ ನಾನು ಹಟ ಬಿಡಲಿಲ್ಲ. ತಂಡದಲ್ಲಿ ಪ್ರಜ್ಞಾ ಅಂತ ಒಬ್ಬಳಿದ್ದಳು, ಕಡ್ಡಿಯಂಥ ಹುಡುಗಿ, ಕಾಲು ಮಾತ್ರ ಗಾಳಿ. ಅವಳ ಅಪ್ಪ ನೌಪಾಡಾದ ಒಂದು ಉಡುಪಿ ಹೋಟೆಲಿನಲ್ಲಿ ಅಡುಗೆಯವರು. ನಾನು ಹೋದಾಗಲೆಲ್ಲ ಮೆನುವಿನಲ್ಲಿಲ್ಲದ ತಿಳಿಸಾರನ್ನು ಲೋಟದಲ್ಲಿ ತಂದಿಡುತ್ತಿದ್ದರು. ಆ ಸಾರು ಕುಡಿದ ದಿನ ನನಗೆ ಊರಿಗೆ ಫೋನು ಮಾಡಬೇಕೆನಿಸುತ್ತಿರಲಿಲ್ಲ. ನಡುವಿನ ಆಟದಲ್ಲಿ ಪ್ರಜ್ಞಾಳಿಗೆ ಜಾಗವೇ ಇರಲಿಲ್ಲ.

ಕಲ್ಯಾಣದಲ್ಲಿ ಮೊದಲ ಪಂದ್ಯ. ಮೊದಲ ದಾಳಿಗೆ ಪ್ರಜ್ಞಾಳನ್ನು ಕಳಿಸಿದೆ.

"ಹೆದರ್ಬೇಡ ಮಾರಾಯ್ತಿ, ಅಂಚಲ್ಲೇ ಓಡು. ಒಳಗೆ ಹೋಗ್ಬೇಡ ಆಯ್ತಾ?"

"ಹಾಂ ಮ್ಯಾಡಮ್, ಸಮಝ್ ಗಯೀ" ಎಂದಳು. ಕನ್ನಡ ಪೂರಾ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಅವಳು ಓಡಿದಳು, ಆಮೇಲೆ ಉಳಿದವರೂ ಸರದಿಯಲ್ಲಿ ಓಡಿದರು, ನಾವು ಗೆದ್ದೆವು. ನನ್ನ ಕಾಲು ನೆಲದ ಮೇಲಿರಲಿಲ್ಲ.

ಮರುದಿನ ಸಾಯಲಿ ಬರಲಿಲ್ಲ. ಅವಳ ಬದಲು ಅವಳ ತಾಯಿ ಬಂದರು, ಕೆಲಸದ ಮನೆಯಿಂದ ನೇರವಾಗಿ, ಒದ್ದೆ ಸೆರಗಿನಲ್ಲೇ.

"ಕಾಯ್ ಚುಕ್ಲಂ ಮಾಝ್ಯಾ ಪೋರೀಚಂ?" ನನ್ನ ಮಗಳದ್ದೇನು ತಪ್ಪಾಯಿತು?

ನನಗೆ ತಲೆಬುಡ ತಿಳಿಯಲಿಲ್ಲ. ಗುರವ್ ಸರ್ ಬಿಡಿಸಿ ಹೇಳಿದರು. ಈ ತಂಡದಲ್ಲಿ ಮೊದಲ ಚಢಾಯಿ ನಾಯಕಿಯದು. ಬೇರೆಯವಳನ್ನು ಕಳಿಸಿದರೆ ನಾಯಕಿಯನ್ನು ತೆಗೆದುಹಾಕಿದಂತೆಯೇ. ನಾನು ಸರದಿ ಅಂದುಕೊಂಡದ್ದನ್ನು ಅವರೆಲ್ಲ ಶಿಕ್ಷೆ ಅಂದುಕೊಂಡಿದ್ದರು. ಅಷ್ಟೇ ಅಲ್ಲ, ಈ ವರ್ಷ ಸಾಯಲಿಗೆ ಕ್ರೀಡಾ ಕೋಟಾದಲ್ಲಿ ಸರಕಾರಿ ನೌಕರಿ ಸಿಗುವ ಆಸೆಯಿತ್ತು.

"ಆಯ್ಕೆಯವರು ಬರ್ತಾರೆ. ನಡುವಿನಲ್ಲಿ ನುಗ್ಗುವ ಒಬ್ಬಳು ಅವರ ಕಣ್ಣಿಗೆ ಬೀಳ್ತಾಳೆ" ಎಂದರು ಗುರವ್ ಸರ್. "ತುಮ್ಹಾರೇ ಖೇಲ್ ಮೇಂ, ನಿಮ್ಮ ಆಟದಲ್ಲಿ, ತಂಡ ಗೆಲ್ತದೆ ಮ್ಯಾಡಮ್, ಹುಡುಗಿ ಕಾಣೋದಿಲ್ಲ. ನೌಕ್ರಿ ತಂಡಕ್ಕೆ ಕೊಡೋದಿಲ್ಲ."

ಎಲ್ಲರಿಗೂ ಪಾಲು ಕೊಡುವುದು ನ್ಯಾಯ ಎಂದುಕೊಂಡೇ ಬೆಳೆದವಳು ನಾನು. ಆ ಪಾಲು ಈ ಒದ್ದೆ ಸೆರಗಿನ ಹೆಂಗಸಿನ ಮನೆಯಿಂದ ಬರುತ್ತಿದೆ ಎಂದು ತಿಳಿದಾಗ ಬಹಳ ಸಂಕಟವಾಯಿತು. ಆದರೆ ಪ್ರಜ್ಞಾಳನ್ನು ಮತ್ತೆ ಮೂಲೆಯಲ್ಲಿ ಕೂರಿಸಲೂ ಮನಸ್ಸು ಒಪ್ಪಲಿಲ್ಲ.

ಸಂಜೆ ನಾನೇ ಸಾಯಲಿಯ ಮನೆಗೆ ಹೋದೆ. ನಮ್ಮ ಮನೆಯಿಂದ ಎರಡು ಗಲ್ಲಿಯಾಚೆ ಅಷ್ಟೇ. ನನಗೆ ಬಂದ ಹರಕುಮುರುಕು ಮರಾಠಿಯಲ್ಲಿ, ಮೊದಲ ಚಢಾಯಿ ಯಾವಾಗಲೂ ನಿನ್ನದೇ, ನಿನ್ನನ್ನು ತೆಗೆಯುವ ಯೋಚನೆಯೇ ನನಗಿರಲಿಲ್ಲ ಎಂದೆ. ಅವಳು ನೆಲದ ಮೇಲೆ ಚಹಾದ ಲೋಟಗಳನ್ನು ಜೋಡಿಸಿ ಆಟ ತೋರಿಸಿದಳು. ಅಂಚಿನ ಎರಡು ಲೋಟಗಳನ್ನು ಆಚೆ ಸರಿಸಿದಳು. ನಡುವೆ ಬಾಗಿಲಿನಷ್ಟು ಜಾಗ ಬಿತ್ತು.

"ಪ್ರಜ್ಞಾ ಇಧರ್ ಭಾಗೇಗೀ, ಮೈಂ ಇಧರ್ ಸೇ ಜಾವೂಂಗೀ. ಚಲೇಗಾ?" ಪ್ರಜ್ಞಾ ಅಂಚಲ್ಲಿ ಓಡಲಿ, ಆಮೇಲೆ ನಾನು ನಡುವಿನಿಂದ ಹೋಗುತ್ತೇನೆ, ಆಗಬಹುದಾ?

ನಾನು ವಾರಗಟ್ಟಲೆ ಗುರವ್ ಸರ್ ಜೊತೆ ಜಗಳವಾಡಿದ್ದು ಇವಳಿಗೆ ಒಂದು ಚಹಾದ ಕೆಲಸವಾಯಿತು. ತಾಯಿ ನನ್ನ ಕೈಗೆ ಬಿಸಿ ಭಾಕರಿ ಕೊಟ್ಟರು. ಜೋಳದ ರೊಟ್ಟಿಯ ಅಭ್ಯಾಸವಿಲ್ಲದ ನನ್ನ ಕರಾವಳಿ ಬಾಯಿಗೆ ಅದು ಅಂದು ಹಬ್ಬದೂಟದ ಹಾಗೆ ರುಚಿಸಿತು.

ಆಯ್ಕೆಯವರು ಬಂದಿದ್ದ ಪಂದ್ಯ ಠಾಣೆಯಲ್ಲೇ ನಡೆಯಿತು. ಮೊದಲ ಚಢಾಯಿ ಸಾಯಲಿಯದು. ಎಲ್ಲರೂ ಅವಳು ನಡುವಿಗೆ ನುಗ್ಗುತ್ತಾಳೆಂದು ಕಾದರೆ, ಆಕೆ ಬಲ ಅಂಚಿನುದ್ದಕ್ಕೂ ಓಡಿ ಯಾರನ್ನೂ ಮುಟ್ಟದೆ ವಾಪಸು ಬಂದಳು. ತನ್ನ ಗೌರವದ ಮೊದಲ ಚಢಾಯಿಯನ್ನೇ ಈ ಹುಡುಗಿ ಬರಿಗೈಯಲ್ಲಿ ಮುಗಿಸಿದಳಲ್ಲ! ಆದರೆ ಎದುರಿನವರು ಆಗಲೇ ಅಂಚಿಗೆ ಸರಿದಿದ್ದರು. ಪ್ರಜ್ಞಾ ಹೋಗಿ ಅವರನ್ನು ಇನ್ನಷ್ಟು ಎಳೆದಳು. ಆಮೇಲೆ ಸಾಯಲಿ ನಡುವಿಗೆ ನುಗ್ಗಿದಳು ನೋಡಿ, ಗುರವ್ ಸರ್ ಟೋಪಿ ಎಸೆದು ಕುಣಿದರು. ಗೆದ್ದದ್ದು ಯಾರ ಆಟ ಎಂದು ನಾವಿಬ್ಬರೂ ಇಂದಿಗೂ ಜಗಳವಾಡುತ್ತೇವೆ.

ಸಾಯಲಿಯನ್ನು ನೌಕರಿಯ ಕೊನೆಯ ಪರೀಕ್ಷೆಗೆ ಕರೆದರು. ಆ ಹೊತ್ತಿಗೆ ನಾನು ರಜೆಯಲ್ಲಿ ಉಡುಪಿಗೆ ಬಂದಿದ್ದೆ. ಸಂಜೆ ಶಾಲೆಯ ಮೈದಾನದಲ್ಲಿ ಹುಡುಗಿಯರು ಕಬಡ್ಡಿ ಆಡುತ್ತಿದ್ದರು. ಸುಮ್ಮನಿರಲಾಗದೆ ನಡುವಿಗೆ ನುಗ್ಗುವುದನ್ನು ಹೇಳಿಕೊಡಲು ಇಳಿದೆ. ಅವರ ಟೀಚರ್ ನನ್ನ ಹಳೆಯ ಗೆಳತಿ.

"ಎಂತ ಮಾರಾಯ್ತಿ ಇದು, ಎಲ್ಲಿಯ ಆಟ?" ಎಂದಳು.

"ನಮ್ಮ ಊರಿಂದು" ಎಂದೆ.

"ನಮ್ಮ ಊರಲ್ಲಿ ಹೀಗೆ ಯಾರು ಆಡ್ತಾರೆ?"

ನಾನು ಹೇಳಿದ್ದು ಠಾಣೆಯನ್ನು. ಉಡುಪಿಯ ಮಣ್ಣಿನ ಮೇಲೆ ನಿಂತು ಆ ಮಾತು ಹೇಗೆ ಬಂತೋ, ನನಗೇ ನಾಚಿಕೆಯಾಯಿತು, ಅಮ್ಮನ ಎದುರು ಬೇರೆಯವರ ಮನೆಯ ಅಡುಗೆ ಹೊಗಳಿದ ಹಾಗೆ.

ಅಷ್ಟರಲ್ಲಿ ಸಾಯಲಿಯ ಫೋನು ಬಂತು. ನೌಕರಿ ಸಿಕ್ಕಿತ್ತು. ಹಿಂದೆ ಅವಳ ತಾಯಿ ಅಳುವುದೂ ನಗುವುದೂ ಒಟ್ಟಿಗೇ ಕೇಳುತ್ತಿತ್ತು. ಆಯ್ಕೆಯವರು ಕೊನೆಗೆ ಒಂದು ಪ್ರಶ್ನೆ ಕೇಳಿದರಂತೆ: ಇಷ್ಟು ಬಲದ ಹುಡುಗಿ ನೀನು, ಈ ಅಂಚಿನ ಓಟ ಎಲ್ಲಿಂದ ಕಲಿತೆ?

"ಮಗ್ ತೂ ಕಾಯ್ ಸಾಂಗಿತ್ಲಂಸ್?" ನೀನೇನಂದೆ ಎಂದು ಕೇಳಿದೆ.

"ಆಮ್ಚ್ಯಾ ಗಾವಾಕಡ್ಚಾ ಖೇಳ್ ಆಹೇ" ಎಂದಳು. ನಮ್ಮೂರ ಕಡೆಯ ಆಟ.

ಠಾಣೆ ಹತ್ತಿರದ ಪನ್ವೇಲ್ ದಾಟಿ ಈ ಕಡೆ ಒಮ್ಮೆಯೂ ಬಂದವಳಲ್ಲ ಆ ಹುಡುಗಿ.