ದೇವದೂತರ ಸುನ್ನತಿ

ಸಬ್ರಿ ಹುಟ್ಟಿದ ದಿನವೇ ಗಿರ್ಗಾ ಊರಿನ ಆ ಓಣಿ ತೀರ್ಪು ಕೊಟ್ಟುಬಿಟ್ಟಿತ್ತು: ಮಗುವಿಗೆ ದೇವದೂತರೇ ಸುನ್ನತಿ ಮಾಡಿ ಕಳಿಸಿದ್ದಾರೆ. ಮುಂದೊಗಲು ಮೇಲ್ಗಡೆ ಮಾತ್ರ ಮಡಚಿಕೊಂಡಿತ್ತು, ಕೆಳಗೆ ಇರಲೇ ಇಲ್ಲ. ಹಜ್ ಮುಗಿಸಿ ಬಂದಿದ್ದ ಅಜ್ಜಿ ಹಾಜಾ ಬಹೀಯ ಮನೆಮನೆಗೂ ಶರಬತ್ತು ಹಂಚಿದಳು. ಮೂತ್ರ ತುದಿಯಿಂದ ಬಾರದೆ ಅಡಿಯ ತೂತಿನಿಂದ ಸೋರುವುದನ್ನು ಕಂಡವಳು ತಾಯಿ ಇಂತಿಸಾರ್ ಒಬ್ಬಳೇ. ಬಾಯಿಬಿಟ್ಟರೆ ಅತ್ತೆ ಗದರುವಳು, "ದೇವರ ಕೆಲಸದಲ್ಲೂ ಕೊಂಕು ಹುಡುಕ್ತೀಯೇನೇ?" ದೇವದೂತರ ಹೆಸರು ಹೇಳಿ ಹೆಂಗಸಿನ ಬಾಯಿ ಮುಚ್ಚಿಸುವುದು ಎಷ್ಟು ಸಲೀಸು!

ಹುಡುಗ ಐದಕ್ಕೆ ಬಿದ್ದ. ಕೂತು ಉಚ್ಚೆ ಹೊಯ್ಯುವವನನ್ನು ಶಾಲೆಯಲ್ಲಿ "ಏ ಹುಡುಗೀ" ಎಂದು ಕರೆದರು. ಆಗ ಅವಳು ಗಂಡ ಶಹಾತನನ್ನು ಕಾಡಿ ಬೇಡಿ ಅಸ್ಯೂತಿನ ದೊಡ್ಡಾಸ್ಪತ್ರೆಗೆ ಹೊರಡಿಸಿದಳು.

"ಇದು ಹುಟ್ಟಿನಿಂದ ಬಂದ ದೋಷ," ಎಂದರು ಮಕ್ಕಳ ಡಾಕ್ಟರು. "ಆಪರೇಷನ್ ಮಾಡಿದ್ರೆ ಸರಿಹೋಗುತ್ತೆ. ಆದ್ರೆ ಆ ಚರ್ಮಕ್ಕೆ ಯಾರೂ ಕತ್ತರಿ ತಾಗಿಸಬಾರದು. ಅದರಿಂದ್ಲೇ ಮೂತ್ರಕ್ಕೆ ಹೊಸ ದಾರಿ ಮಾಡ್ಬೇಕು."

ಪಕ್ಕದಲ್ಲೇ ಕೂತ ಶಹಾತ ತಲೆಯಾಡಿಸಿದ್ದ. ಮನೆಗೆ ಬಂದ ಮೇಲೆ ಅಮ್ಮನ ಎದುರು ಆ ತಲೆ ಅಲ್ಲಾಡಲಿಲ್ಲ.

ಇವತ್ತು ಮೈದುನನ ಮಗನ ಸುನ್ನತಿ. ಕ್ಷೌರಿಕ ಉಸ್ತಾ ದಾಹಿ ಪೆಟ್ಟಿಗೆ ಬಿಚ್ಚಿದ್ದೇ ತಡ, ಬಹೀಯ ಶುರುಮಾಡಿದಳು: "ಉಸ್ತಾ, ನಮ್ ಸಬ್ರೀದೂ ಒಂಚೂರು ಮಿಕ್ಕಿದೆ. ಹಂಗೇ ಚೊಕ್ಕ ಮಾಡ್ಬಿಡಪ್ಪ."

ಇಂತಿಸಾರ್ ಮಗನನ್ನು ಬಾಚಿಕೊಂಡು ಬಚ್ಚಲಿಗೆ ನುಗ್ಗಿ ಅಗುಳಿ ಹಾಕಿದಳು.

"ದೇವದೂತರು ಅರ್ಧಕ್ಕೆ ಬಿಟ್ಟಿದ್ದನ್ನ ನಾನು ಮುಗಿಸ್ತೀನಿ ಬಾರಮ್ಮ, ನಂಗೂ ಒಂದಿಷ್ಟು ಪುಣ್ಯ ಬರ್ಲಿ!" ಉಸ್ತಾ ಹೊರಗಿಂದ ಕೂಗಿದ. ಹೆಂಗಸರು ಗೊಳ್ಳೆಂದರು.

"ಅದನ್ನ ಕತ್ತರಿಸಿದ್ರೆ ನನ್ ಮಗನ ಆಪರೇಷನ್ನಿಗೆ ಚರ್ಮವೇ ಇರಲ್ಲ! ಡಾಕ್ಟ್ರೇ ಹೇಳಿದಾರೆ. ನಿಮ್ಮ ಮಗನೂ ಅಲ್ಲೇ ಇದ್ರು ಅತ್ತೆ, ಅವರನ್ನೇ ಕೇಳಿ!"

ನಗು ನಿಂತಿತು.

"ಹೌದೇನೋ ಶಹಾತಾ?" ಉಸ್ತಾ ಕೇಳಿದ.

ಅವಳು ಬಾಗಿಲಿಗೆ ಕಿವಿಯಿಟ್ಟಳು. ಒಂದು "ಹೂಂ" ಸಾಕಿತ್ತು. ಮಗನ ಇಡೀ ಬದುಕಿಗೆ ಆ ಒಂದು ಹೂಂ.

"ನಂಗೆ... ಸರಿಯಾಗಿ ಕೇಳಿಸ್ಲಿಲ್ಲ," ಎಂದ ಶಹಾತ.

"ಕೇಳಿದ್ರಲ್ಲ, ಎಲ್ಲಾ ಇವಳದೇ ಕಟ್ಟುಕತೆ," ಎಂದಳು ಬಹೀಯ. "ದಬ್ಬೋ ಬಾಗಿಲನ್ನ!"

ಇಂತಿಸಾರ್ ಬಾಗಿಲಿಗೆ ಬೆನ್ನು ಕೊಟ್ಟು, ಎದುರು ಗೋಡೆಗೆ ಕಾಲೊತ್ತಿ, ಸಬ್ರಿಯನ್ನು ಮಡಿಲಲ್ಲಿ ಅವುಚಿಕೊಂಡಳು. ಹಲಗೆ ನರಳಿತು. ಅತ್ತ ಕಡೆಯಿಂದ ಒತ್ತುತ್ತಿದ್ದ ಭುಜ ಯಾರದೆಂದು, ದಿನವೂ ಅದರ ಪಕ್ಕದಲ್ಲೇ ಮಲಗುವ ಅವಳ ಬೆನ್ನಿಗೆ ಗೊತ್ತಾಯಿತು.